ಕರುಳಿನ ಒಳಪದರ ಯಾರನ್ನು ಕರೆಯುತ್ತದೆ, ಹೇಗೆ ಕರೆಯುತ್ತದೆ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಮೂರು ತಿಂಗಳಿಂದ ಹೊಟ್ಟೆನೋವು, ಬಿಟ್ಟು ಬಿಟ್ಟು ಭೇದಿ. ತೂಕವೂ ಇಳಿದಿದೆ. ಡಾಕ್ಟರು ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದರು, 410 ಬಂದಿದೆ. ಮುಂದಿನ ವಾರ ಕೊಲೊನೋಸ್ಕೋಪಿ ಇದೆ. "ಕರುಳಿನ ಒಳಪದರದ ಕೋಶಗಳು ರೋಗನಿರೋಧಕ ವ್ಯವಸ್ಥೆಗೆ ಜಾಸ್ತಿ ಸಿಗ್ನಲ್ ಕಳಿಸ್ತಿವೆ, ಅದಕ್ಕೇ ಉರಿಯೂತ" ಎಂದರು. ರೋಗನಿರೋಧಕ ಶಕ್ತಿ ರಕ್ತದಲ್ಲಿ ಇರುವುದಲ್ವಾ? ಊಟ ಹೀರಿಕೊಳ್ಳುವ ಕೋಶಕ್ಕೆ ಸಿಗ್ನಲ್ ಕಳಿಸೋದು ಹೇಗೆ ಗೊತ್ತು? ಅದನ್ನು ಹೇಗೆ ಹೊರಗೆ ಬಿಡುತ್ತದೆ? ಪಕ್ಕದ ಮನೆಯವರು ಇಮ್ಯೂನಿಟಿ ಹೆಚ್ಚಿಸುವ ಕಷಾಯ ಕೊಡಿ ಅಂತಿದ್ದಾರೆ. ಕೊಡಬಹುದಾ? (ರಾಜಾಜಿನಗರದ ಒಬ್ಬ ತಾಯಿ)

ಉತ್ತರ: ಕಷಾಯದ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ನಿಮಗೆ ಅದು ಇವತ್ತೇ ಬೇಕಾದ ಉತ್ತರ. ಕೊಡಬೇಡಿ. ಕೊಲೊನೋಸ್ಕೋಪಿ (ಕೊಳವೆ ಕ್ಯಾಮೆರಾದಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ) ಆಗಿ, ರೋಗದ ಹೆಸರು ಗೊತ್ತಾಗುವವರೆಗೆ ಹೊಸದಾಗಿ ಏನೂ ಬೇಡ. ಯಾಕೆ ಎನ್ನುವುದು ಮುಂದೆ ತಾನಾಗಿ ತಿಳಿಯುತ್ತದೆ.

ಇನ್ನು ಆ 410. ಇಡೀ ಕಥೆ ಆ ಸಂಖ್ಯೆಯ ಒಳಗೇ ಇದೆ. ಕ್ಯಾಲ್‌ಪ್ರೊಟೆಕ್ಟಿನ್ ಒಂದು ಪ್ರೋಟೀನ್. ಅದು ಮುಖ್ಯವಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದಲ್ಲಿ ಇರುತ್ತದೆ. ಆ ಕಣದ ಒಳದ್ರವದಲ್ಲಿರುವ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದೇ. ಸತು, ಮ್ಯಾಂಗನೀಸ್ ಮುಂತಾದ ಲೋಹಗಳನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಗಳಿಗೆ ಸಿಗದ ಹಾಗೆ ಮಾಡುವುದು ಅದರ ಕೆಲಸ. ಮಲದಲ್ಲೂ ಅದು ಬೇಗ ಕೆಡುವುದಿಲ್ಲ. ಅದಕ್ಕೇ ಮನೆಯಿಂದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಕೊಟ್ಟರೂ ಪರೀಕ್ಷೆ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಗ್ರಾಂ ಮಲದಲ್ಲಿ 50 ಮೈಕ್ರೊಗ್ರಾಂಗಿಂತ ಕಡಿಮೆ ಇರಬೇಕು. 250 ದಾಟಿದರೆ ಕರುಳಿನಲ್ಲಿ ಉರಿಯೂತ ನಡೆಯುತ್ತಿದೆ ಎಂದು ಡಾಕ್ಟರುಗಳು ಅನುಮಾನಿಸುತ್ತಾರೆ.

ನ್ಯೂಟ್ರೋಫಿಲ್ ಇರಬೇಕಾದದ್ದು ರಕ್ತದಲ್ಲಿ. ಅದು ಮಲಕ್ಕೆ ಬಂದಿದೆ ಎಂದರೆ ರಕ್ತನಾಳ ಬಿಟ್ಟು, ಕರುಳಿನ ಗೋಡೆ ದಾಟಿ ಒಳಗೆ ಬಿದ್ದಿದೆ. ತಾನಾಗಿ ಬರುವುದಿಲ್ಲ. ಯಾರೋ ಕರೆದಿದ್ದಾರೆ. ಕರೆದವರಲ್ಲಿ ಮೊದಲನೆಯವರೇ ನೀವು ಕೇಳಿದ ಆ ಒಳಪದರದ ಕೋಶಗಳು.

ಮಲ್ಲೇಶ್ವರ, ಚಾಮರಾಜಪೇಟೆ ಕಡೆ ಹಳೆಯ ವಠಾರಗಳನ್ನು ನೋಡಿರುತ್ತೀರಿ. ಸಾಲು ಮನೆಗಳು, ಮನೆಗೆ ಮನೆ ಅಂಟಿಕೊಂಡ ಗೋಡೆ. ಕೆಲವು ವಠಾರಗಳಲ್ಲಿ ಪ್ರತಿ ಮನೆಗೂ ಬೀದಿಗೊಂದು ಬಾಗಿಲು, ಒಳ ಅಂಗಳಕ್ಕೊಂದು ಬಾಗಿಲು ಇರುತ್ತದೆ. ಕರುಳಿನ ಒಳಪದರವನ್ನು ಹಾಗೆ ನೆನೆಸಿಕೊಳ್ಳಿ. ಒಂದೇ ಒಂದು ಸಾಲು ಕೋಶಗಳು. ಒಂದು ಕೋಶದ ಎತ್ತರ ನಮ್ಮ ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಪಕ್ಕಪಕ್ಕದ ಕೋಶಗಳ ಮಧ್ಯೆ ಬ್ಯಾಕ್ಟೀರಿಯಾ ಸುಮ್ನೆ ನುಗ್ಗದ ಹಾಗೆ ಬಿಗಿ ಹೊಲಿಗೆ. ಬೀದಿ ಬದಿಯಲ್ಲಿ ನಾವು ತಿಂದ ಊಟ, ಅದರ ಜೊತೆ ಲಕ್ಷ ಕೋಟಿಗಳಲ್ಲಿ ಎಣಿಸಬೇಕಾದಷ್ಟು ಬ್ಯಾಕ್ಟೀರಿಯಾ. ಅಂಗಳದ ಬದಿಯಲ್ಲಿ ರಕ್ತನಾಳಗಳು, ಮತ್ತೆ ರೋಗನಿರೋಧಕ ಕೋಶಗಳ ದೊಡ್ಡ ದಂಡು.

ಇಲ್ಲಿಗೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ನಮ್ಮ ರೋಗನಿರೋಧಕ ಕೋಶಗಳು ರಕ್ತದಲ್ಲಿ ಮಾತ್ರ ಇರುವುದಲ್ಲ, ಕರುಳಿನ ಗೋಡೆಯಲ್ಲೂ ದೊಡ್ಡ ಸಂಖ್ಯೆಯಲ್ಲಿವೆ. ರಕ್ತ ಅವುಗಳಿಗೆ ಓಡಾಡುವ ರಸ್ತೆ. ಕರುಳು, ಹೊಟ್ಟೆ ಎಲ್ಲ ಸೇರಿ ಒಳಮೈ ಸುಮಾರು 32 ಚದರ ಮೀಟರ್ ಎಂದು 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದು ಹೇಳಿದರು. ಅರ್ಧ ಬ್ಯಾಡ್ಮಿಂಟನ್ ಕೋರ್ಟಿಗೆ ಹತ್ತಿರ. ಹಳೆಯ ಪುಸ್ತಕಗಳಲ್ಲಿ ಟೆನಿಸ್ ಕೋರ್ಟಿನಷ್ಟು ಎಂದಿರುತ್ತದೆ, ಅದು ಜಾಸ್ತಿ ಆಯಿತು. ಇಷ್ಟು ಜಾಗದ ಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತವೆ. ಮುಂದಿನ ವಾರ ಡಾಕ್ಟರು ನಿಮ್ಮ ಮಗನ ಕರುಳಿನಲ್ಲಿ ನೋಡುವ ಬಹುಪಾಲು ಒಳಪದರದ ಕೋಶಗಳು ಇವತ್ತು ಇನ್ನೂ ಹುಟ್ಟಿಲ್ಲ.

ಊಟ ಹೀರುವ ಕೋಶಕ್ಕೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದ್ದೀರಿ. ವಿಜ್ಞಾನಿಗಳೂ ಬಹಳ ಕಾಲ ಇದೇ ಅನುಮಾನದಲ್ಲಿದ್ದರು. ಒಳಪದರ ಎಂದರೆ ಹೀರುವ ಬಟ್ಟೆ, ತಡೆಯುವ ಗೋಡೆ, ಅಷ್ಟೇ ಎಂದು ತಿಳಿದಿದ್ದರು. 1993ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಾರ್ಟಿನ್ ಕ್ಯಾಗ್ನಾಫ್ ಅವರ ತಂಡ ಮನುಷ್ಯರ ಕರುಳಿನ ಕೋಶಗಳಿಗೆ ಬ್ಯಾಕ್ಟೀರಿಯಾ ನುಗ್ಗಿಸಿ ನೋಡಿತು. ಕೋಶಗಳು ಇಂಟರ್‌ಲ್ಯೂಕಿನ್-8 ಎಂಬ ಪ್ರೋಟೀನನ್ನು ಹೊರಗೆ ಬಿಟ್ಟವು. ಚಿಕ್ಕದಾಗಿ ಐಎಲ್-8 ಎನ್ನೋಣ. ನ್ಯೂಟ್ರೋಫಿಲ್‌ಗಳನ್ನು ಕರೆಯುವ ಪ್ರೋಟೀನ್ ಅದೇ. ಎರಡು ವರ್ಷದ ಮೇಲೆ ಅದೇ ತಂಡ ಇನ್ನೂ ಕೆಲವು ಸಿಗ್ನಲ್‌ಗಳನ್ನು ಪಟ್ಟಿ ಮಾಡಿತು. ಟಿಎನ್‌ಎಫ್ ಕೂಡ ಅದರಲ್ಲಿತ್ತು. ಈ ಸಿಗ್ನಲ್ ಪ್ರೋಟೀನ್‌ಗಳಿಗೆಲ್ಲ ಸೇರಿ ಸೈಟೊಕೈನ್ ಎಂದು ಹೆಸರು. ನಿಮ್ಮ ಡಾಕ್ಟರು ಹೇಳಿದ ಮಾತಿನ ಬೇರು ಅಲ್ಲಿದೆ.

ಗೊತ್ತಾಗುವುದು ಹೇಗೆ? ಕೋಶದ ಮೈಮೇಲೆ, ಒಳಗೆ, ಗುರುತು ಹಿಡಿಯುವ ಪ್ರೋಟೀನ್‌ಗಳಿವೆ. ಒಂದರ ಹೆಸರು ಟಿಎಲ್‌ಆರ್5. ಅದು ಫ್ಲ್ಯಾಜೆಲಿನ್ ಎಂಬ ಒಂದೇ ವಸ್ತುವನ್ನು ಗುರುತಿಸುತ್ತದೆ. ಈಜುವ ಬ್ಯಾಕ್ಟೀರಿಯಾಗಳಿಗೆ ಬಾಲ ಇರುತ್ತದೆ, ಆ ಬಾಲ ಫ್ಲ್ಯಾಜೆಲಿನ್ನಿನಿಂದ ಆಗಿದೆ. ನಮ್ಮ ಕರುಳಿನಲ್ಲಿ ಯಾವತ್ತೂ ಬಾಲವಿರುವ ಬ್ಯಾಕ್ಟೀರಿಯಾ ಇರುತ್ತವೆ. ಹಾಗಾದರೆ ಎಚ್ಚರಿಕೆಯ ಗಂಟೆ ಸದಾ ಬಾರಿಸುತ್ತಲೇ ಇರಬೇಕಿತ್ತಲ್ವಾ? ಬಾರಿಸುವುದಿಲ್ಲ. ಆ ಗಂಟೆಯನ್ನು ಬೀದಿ ಬಾಗಿಲಿಗೆ ಕಟ್ಟಿಲ್ಲ. ದೊಡ್ಡ ಕರುಳಿನಲ್ಲಿ ಟಿಎಲ್‌ಆರ್5 ಕೂತಿರುವುದು ಹೆಚ್ಚಾಗಿ ಅಂಗಳದ ಬದಿಯಲ್ಲಿ. ಬೀದಿಯಲ್ಲಿ ಎಷ್ಟು ಜನ ಓಡಾಡಿದರೂ ಮನೆಯವರು ತಲೆ ಕೆಡಿಸಿಕೊಳ್ಳುವುದಿಲ್ಲ. ಹಿಂದಿನ ಅಂಗಳದಲ್ಲಿ ಅಪರಿಚಿತರು ಕಂಡರೆ ಮಾತ್ರ ಕೂಗು.

ಇದನ್ನು ನಾನು ಓದಿ ನಂಬಿದವನಲ್ಲ, ಮಾಡಿ ನೋಡಿದವನು. ಬೆಂಗಳೂರಿನ ಲ್ಯಾಬಿನಲ್ಲಿ ಹಲವು ವರ್ಷ ಟಿ84 ಎಂಬ ಕೋಶಗಳನ್ನು ಬೆಳೆಸಿದ್ದೇನೆ. ಅವು ದೊಡ್ಡ ಕರುಳಿನ ಕ್ಯಾನ್ಸರಿನಿಂದ ಬಂದ ಕೋಶಗಳು. ಸಣ್ಣ ಬಟ್ಟಲಿನ ತಳದಲ್ಲಿ ರಂಧ್ರಗಳಿರುವ ಪೊರೆ, ಅದರ ಮೇಲೆ ಕೋಶಗಳ ಒಂದು ಸಾಲು, ಮೇಲೂ ದ್ರವ, ಕೆಳಗೂ ದ್ರವ. ಫ್ಲ್ಯಾಜೆಲಿನ್ನನ್ನು ಮೇಲಿನ ದ್ರವಕ್ಕೆ ಹಾಕಿದರೆ ಹೆಚ್ಚೇನೂ ಆಗುವುದಿಲ್ಲ. ಅದೇ ಪ್ರಮಾಣವನ್ನು ಕೆಳಗಿನ ದ್ರವಕ್ಕೆ ಹಾಕಿ ಕೆಲವು ಗಂಟೆ ಬಿಟ್ಟು ಎಲೈಜಾ ಪರೀಕ್ಷೆ (ಒಂದು ಪ್ರೋಟೀನ್ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಪರೀಕ್ಷೆ) ಮಾಡಿದರೆ ಕೆಳಗಿನ ದ್ರವ ಕಡುಹಳದಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಐಎಲ್-8. ಎಷ್ಟು ಸಲ ಮಾಡಿದರೂ ಆ ಹಳದಿ ಕಂಡಾಗ ನನಗೆ ಮೈ ಜುಮ್ಮೆನ್ನುತ್ತದೆ. ಮಿದುಳಿಲ್ಲದ, ಕಣ್ಣಿಲ್ಲದ ಒಂದು ಕೋಶಕ್ಕೆ ಒಳಗೆ ಯಾವುದು, ಹೊರಗೆ ಯಾವುದು ಎನ್ನುವುದು ಗೊತ್ತಿದೆ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ, ಹೊರಗೆ ಬಿಡುವುದು ಹೇಗೆ. ಸ್ವಲ್ಪ ನಿಧಾನವಾಗಿ ಓದಿ. ಒಂದೇ ದಾರಿ ಇಲ್ಲ.

ಐಎಲ್-8 ಅನ್ನು ಒಳಪದರದ ಕೋಶ ಸಾಮಾನ್ಯವಾಗಿ ಮಾಡಿ ಇಟ್ಟುಕೊಂಡಿರುವುದಿಲ್ಲ. ಬೇಕಾದಾಗ ಹೊಸದಾಗಿ ಮಾಡುತ್ತದೆ. ಟಿಎಲ್‌ಆರ್5ಗೆ ಫ್ಲ್ಯಾಜೆಲಿನ್ ಅಂಟಿದ ಕೂಡಲೇ ಕೋಶದ ಒಳಗೆ ಕೈಯಿಂದ ಕೈಗೆ ಸುದ್ದಿ ಹೋಗುತ್ತದೆ. ಕೊನೆಗೆ ಅದು ತಲುಪುವುದು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿಗೆ. ಇದನ್ನು 1986ರಲ್ಲಿ ಕಂಡುಹಿಡಿದವರು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಅವರು ನೋಡುತ್ತಿದ್ದದ್ದು ಪ್ರತಿಕಾಯ ಮಾಡುವ ಬಿ ಕೋಶಗಳನ್ನು. ಕರುಳಿನ ಕೋಶದಲ್ಲೂ ಅದೇ ಪ್ರೋಟೀನ್ ಕೆಲಸ ಮಾಡುತ್ತದೆ ಎನ್ನುವುದು ಆಮೇಲೆ ತಿಳಿದ ಸಂಗತಿ. ಎನ್‌ಎಫ್-ಕಪ್ಪಾ-ಬಿ ಯಾವಾಗಲೂ ಇರುತ್ತದೆ, ಆದರೆ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಸುದ್ದಿ ಬಂದ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಂಡ ಪ್ರೋಟೀನ್ ನಾಶವಾಗುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗಿ ಐಎಲ್-8 ಜೀನಿನ ಪಕ್ಕದಲ್ಲಿ ಕೂರುತ್ತದೆ. ಜೀನ್ ಓದಲು ಶುರುವಾಗುತ್ತದೆ.

ಜೀನಿನಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್. ಮೊದಲು ಹುಟ್ಟುವುದು 99 ಅಮೈನೊ ಆಮ್ಲಗಳ ಒಂದು ಸರ. ಅದರ ಮುಂದಿನ ಸುಮಾರು 20 ಅಮೈನೊ ಆಮ್ಲಗಳು ವಿಳಾಸದ ಚೀಟಿ ಇದ್ದ ಹಾಗೆ. "ಇದು ಹೊರಗೆ ಹೋಗಬೇಕಾದ ಸರಕು" ಎಂದು ಹೇಳುವ ಚೀಟಿ. ಆ ಚೀಟಿ ನೋಡಿ ಕೋಶ ಸರವನ್ನು ಒಳಪೊರೆಯ ಕೋಣೆಯೊಳಕ್ಕೆ ಎಳೆದುಕೊಳ್ಳುತ್ತದೆ. ಕೆಲಸ ಮುಗಿದ ಚೀಟಿ ಕತ್ತರಿಸಿ ಹೋಗುತ್ತದೆ. ಸರ ಸರಿಯಾಗಿ ಮಡಚಿಕೊಳ್ಳುತ್ತದೆ. ಅಲ್ಲಿಂದ ಗಾಲ್ಗಿ ಎಂಬ ಜಾಗಕ್ಕೆ ಹೋಗುತ್ತದೆ. ಗಾಲ್ಗಿಯನ್ನು ನಮ್ಮ ಜಿಪಿಓದ ಅಂಚೆ ವಿಂಗಡಣೆ ಎಂದುಕೊಳ್ಳಿ. ಯಾವುದು ಯಾವ ಕಡೆಗೆ ಎನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಐಎಲ್-8 ತುಂಬಿದ ಪುಟ್ಟ ಚೀಲಗಳು ಹೆಚ್ಚಾಗಿ ಅಂಗಳದ ಬದಿಗೆ ಸಾಗುತ್ತವೆ. ಅಲ್ಲಿ ಚೀಲದ ಪೊರೆ ಕೋಶದ ಪೊರೆಯ ಜೊತೆ ಒಂದಾಗುತ್ತದೆ, ಒಳಗಿದ್ದದ್ದು ಹೊರಗೆ ಸುರಿಯುತ್ತದೆ. ಗಂಟೆ ಬಾರಿಸಿದಾಗಿನಿಂದ ಇಷ್ಟಾಗಲು ಕೆಲವು ಗಂಟೆ ಸಾಕು.

ಯಾಕೆ ಅಂಗಳದ ಬದಿಗೇ? ಕರೆಯಬೇಕಾದವರು ಇರುವುದು ಅಲ್ಲೇ. ಬೀದಿಗೆ ಸುರಿದರೆ ಊಟದ ಜೊತೆ ಕೊಚ್ಚಿಹೋಗುತ್ತದೆ. ಅಂಗಳದಲ್ಲಿ ಸುರಿದ ಐಎಲ್-8 ಕೋಶಗಳ ನಡುವಿನ ಸಕ್ಕರೆಸರಗಳಿಗೆ ಅಂಟಿಕೊಳ್ಳುತ್ತದೆ. ಹತ್ತಿರ ಹೋದಷ್ಟೂ ದಟ್ಟ, ದೂರ ಹೋದಷ್ಟೂ ತೆಳು. ರಾತ್ರಿ ಯಾರ ಮನೆಯಲ್ಲೋ ಒಗ್ಗರಣೆ ಹಾಕಿದರೆ ವಾಸನೆ ಹಿಡಿದು ಮನೆ ಗುರುತಿಸುತ್ತೇವಲ್ಲ, ಹಾಗೆ ನ್ಯೂಟ್ರೋಫಿಲ್‌ಗಳು ರಕ್ತನಾಳ ಬಿಟ್ಟು ದಟ್ಟವಾಗಿರುವ ಕಡೆಗೆ ಸಾಗಿ ಬರುತ್ತವೆ.

ಬಂದು ಗೋಡೆಯ ಕೆಳಗೆ ನಿಂತವು. ಗೋಡೆ ದಾಟಿ ಬೀದಿಗೆ ಇಳಿಯುವುದು ಯಾಕೆ? ಇಲ್ಲಿ ಕೋಶದ ಇನ್ನೊಂದು ಜಾಣತನ ಇದೆ. 2004ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು: ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅಂಟಿದಾಗ ಅದೇ ಕೋಶ ಬೀದಿ ಬದಿಗೆ ಹೆಪಾಕ್ಸಿಲಿನ್ ಎ3 ಎಂಬ ಕೊಬ್ಬಿನ ಅಣುವನ್ನು ಬಿಡುತ್ತದೆ. ಅದು ನ್ಯೂಟ್ರೋಫಿಲ್‌ಗಳನ್ನು ಬಿಗಿ ಹೊಲಿಗೆಗಳ ಮಧ್ಯದಿಂದ ಬೀದಿಗೆ ಎಳೆಯುತ್ತದೆ. ಅಂದರೆ ಅಂಗಳಕ್ಕೊಂದು ಕೂಗು, ಬೀದಿಗೊಂದು ಕೂಗು. ಮೊದಲನೆಯದು ಗೋಡೆಯ ಬುಡಕ್ಕೆ ಕರೆಯುತ್ತದೆ, ಎರಡನೆಯದು ಆಚೆಗೆ ದಾಟಿಸುತ್ತದೆ. ಆಚೆ ಬಿದ್ದ ನ್ಯೂಟ್ರೋಫಿಲ್‌ಗಳು ಸಾಯುತ್ತವೆ, ಒಡೆಯುತ್ತವೆ, ಕ್ಯಾಲ್‌ಪ್ರೊಟೆಕ್ಟಿನ್ ಮಲಕ್ಕೆ ಸೇರುತ್ತದೆ. ನಿಮ್ಮ ಕೈಯಲ್ಲಿರುವ ವರದಿಯ 410 ಹೀಗೆ ಹುಟ್ಟಿದ್ದು.

ಎರಡನೆಯ ದಾರಿ ಬೇರೆ ಥರ. ಐಎಲ್-18 ಎಂಬ ಸಿಗ್ನಲನ್ನು ಒಳಪದರದ ಕೋಶ ಮೊದಲೇ ಮಾಡಿ ಇಟ್ಟುಕೊಂಡಿರುತ್ತದೆ, ಆದರೆ ಬೀಗ ಹಾಕಿ. ಅದಕ್ಕೆ ಆ ವಿಳಾಸದ ಚೀಟಿಯೇ ಇಲ್ಲ, ಆದ್ದರಿಂದ ಗಾಲ್ಗಿಯ ಹಾದಿಯಲ್ಲಿ ಹೋಗಲಾರದು. ಬ್ಯಾಕ್ಟೀರಿಯಾ ಕೋಶದ ಒಳಗೇ ನುಗ್ಗಿಬಿಟ್ಟರೆ ಕ್ಯಾಸ್ಪೇಸ್ ಎಂಬ ಕತ್ತರಿ ಪ್ರೋಟೀನ್‌ಗಳು ಎಚ್ಚರವಾಗುತ್ತವೆ. ಅವು ಐಎಲ್-18ರ ಬೀಗ ಕತ್ತರಿಸುತ್ತವೆ. ಗ್ಯಾಸ್ಡರ್ಮಿನ್ ಡಿ ಎಂಬ ಇನ್ನೊಂದು ಪ್ರೋಟೀನನ್ನೂ ಕತ್ತರಿಸುತ್ತವೆ. ಅದು ಕೋಶದ ಪೊರೆಯಲ್ಲೇ ರಂಧ್ರ ಕೊರೆಯುತ್ತದೆ. ಐಎಲ್-18 ಆ ರಂಧ್ರದಿಂದ ಹೊರಗೆ ಬರುತ್ತದೆ. ಕೋಶ ತಾನು ಸಾಯುತ್ತದೆ, ಸಾಯುವಾಗ ಸಾಲಿನಿಂದ ಬಿಡಿಸಿಕೊಂಡು ಬೀದಿ ಕಡೆಗೆ ಉದುರುತ್ತದೆ, ಒಳಗಿದ್ದ ಬ್ಯಾಕ್ಟೀರಿಯಾ ಸಮೇತ. ಪಕ್ಕದ ಕೋಶಗಳು ಕೂಡಲೇ ಹತ್ತಿರ ಸರಿದು ಜಾಗ ಮುಚ್ಚುತ್ತವೆ.

ಐಎಲ್-33 ಇನ್ನೂ ಸರಳ. ಕೋಶಕೇಂದ್ರದಲ್ಲಿ ಸುಮ್ಮನೆ ಕೂತಿರುತ್ತದೆ. ಕೋಶ ಒಡೆದರೆ ಚೆಲ್ಲುತ್ತದೆ. ಚೆಲ್ಲಿದ್ದೇ ಸುದ್ದಿ.

ಹುಳುಗಳ ವಿಷಯವನ್ನು ಬಿಡಲು ಮನಸ್ಸಿಲ್ಲ. ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಟಫ್ಟ್ ಕೋಶಗಳಿವೆ, ತಲೆಯ ಮೇಲೆ ಕುಚ್ಚು ಇಟ್ಟುಕೊಂಡ ಹಾಗೆ ಕಾಣುತ್ತವೆ. ದಶಕಗಳ ಕಾಲ ಅವುಗಳ ಕೆಲಸ ಏನು ಎಂದೇ ಗೊತ್ತಿರಲಿಲ್ಲ. 2016ರಲ್ಲಿ ಮೂರು ತಂಡಗಳು ಒಟ್ಟೊಟ್ಟಿಗೆ ಇಲಿಗಳಲ್ಲಿ ಕಂಡುಕೊಂಡವು: ಹುಳು ಬಂದರೆ ಟಫ್ಟ್ ಕೋಶಗಳು ಐಎಲ್-25 ಬಿಡುತ್ತವೆ. ಅಂಗಳದ ಕೋಶಗಳು ಅದಕ್ಕೆ ಉತ್ತರವಾಗಿ ಐಎಲ್-13 ಬಿಡುತ್ತವೆ. ಅದರಿಂದ ಲೋಳೆ ಮಾಡುವ ಕೋಶಗಳೂ ಟಫ್ಟ್ ಕೋಶಗಳೂ ಹೆಚ್ಚುತ್ತವೆ, ಲೋಳೆ ಸುರಿದು ಹುಳು ಕೊಚ್ಚಿಹೋಗುತ್ತದೆ. ನಮ್ಮ ಶಾಲೆಗಳಲ್ಲಿ ಫೆಬ್ರುವರಿ 10ರಂದು ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರಲ್ಲ, ಆ ಮಾತ್ರೆ ಬರುವುದಕ್ಕೆ ಎಷ್ಟೋ ಕಾಲ ಮೊದಲಿನಿಂದ ದೇಹದಲ್ಲಿ ಈ ವ್ಯವಸ್ಥೆ ಇದೆ.

ಇಲ್ಲಿಯವರೆಗೆ ಹೇಳಿದ್ದು ಕೂಗುವ ಮಾತು. ಆದರೆ ಒಳಪದರದ ದಿನನಿತ್ಯದ ಕೆಲಸ ಸಮಾಧಾನ ಮಾಡುವುದು. ಅದು ಟಿಜಿಎಫ್-ಬೀಟಾ ಎಂಬ ಸಿಗ್ನಲ್ ಬಿಡುತ್ತದೆ. ನಾವು ತಿನ್ನುವ ವಿಟಮಿನ್ ಎ ಬಳಸಿ ರೆಟಿನಾಯಿಕ್ ಆಮ್ಲ ಮಾಡುತ್ತದೆ. ಅಂಗಳದ ಕಾವಲು ಕೋಶಗಳಿಗೆ "ಇವರು ನಮ್ಮ ಬೀದಿಯವರೇ, ಬಿಡಿ" ಎಂದು ಕಲಿಸಲು ಇವೆರಡೂ ನೆರವಾಗುತ್ತವೆ. ಅದರಿಂದ ಉರಿಯೂತವನ್ನು ತಡೆಯುವ ಟಿ ಕೋಶಗಳು ಬೆಳೆಯುತ್ತವೆ. ದೊಡ್ಡ ಕರುಳಿನಲ್ಲಿ ಇದಕ್ಕೆ ಲೋಳೆಯ ನೆರವೂ ಇದೆ. ಅಲ್ಲಿ ಲೋಳೆ ಎರಡು ಪದರ. ಒಳಗಿನ ಪದರದಲ್ಲಿ ಬ್ಯಾಕ್ಟೀರಿಯಾಗಳೇ ಇರುವುದಿಲ್ಲ ಎಂದು 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡ ಇಲಿಗಳಲ್ಲಿ ತೋರಿಸಿತು. ದೂರ ಇದ್ದರೆ ಜಗಳವೂ ಕಡಿಮೆ.

ಹಾಗಾದರೆ ಕೂಗನ್ನೇ ಪೂರ್ತಿ ನಿಲ್ಲಿಸಿಬಿಟ್ಟರೆ? ಇದೇ ಪ್ರಶ್ನೆ ಹಲವರಿಗೆ ಬಂದಿತ್ತು. 2007ರಲ್ಲಿ ಮನೋಲಿಸ್ ಪಾಸ್ಪರಾಕಿಸ್ ಅವರ ತಂಡ ಇಲಿಗಳಲ್ಲಿ ಕರುಳಿನ ಒಳಪದರದ ಕೋಶಗಳಿಗೆ ಮಾತ್ರ ಎನ್‌ಎಫ್-ಕಪ್ಪಾ-ಬಿ ಹಾದಿಯನ್ನು ಮುಚ್ಚಿತು. ಉರಿಯೂತ ಕಡಿಮೆ ಆಗಬೇಕಿತ್ತಲ್ವಾ? ಆದದ್ದು ತೀವ್ರ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಉರಿಯೂತ. ಕೋಶಗಳು ಸತ್ತವು, ಗೋಡೆ ಬಿರುಕು ಬಿಟ್ಟಿತು, ಬ್ಯಾಕ್ಟೀರಿಯಾ ಅಂಗಳಕ್ಕೆ ನುಗ್ಗಿದವು. ಅದೇ ಹಾದಿ ಕೋಶವನ್ನು ಬದುಕಿಸುವ ಹಾದಿಯೂ ಆಗಿತ್ತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತಿ ಮುಖ್ಯವಾದ ಪ್ರಯೋಗ ಇದು. ಕೂಗು ಹೆಚ್ಚಾದರೂ ಕಾಯಿಲೆ, ಬಾಯಿ ಮುಚ್ಚಿಸಿದರೂ ಕಾಯಿಲೆ. ಬೇಕಾದ್ದು ಸರಿಯಾದ ಬದಿಗೆ, ಸರಿಯಾದ ಹೊತ್ತಿನಲ್ಲಿ ಕೂಗಿ, ಆಮೇಲೆ ಸುಮ್ಮನಾಗುವುದು.

ಸುಮ್ಮನಿರುವುದೂ ಕೆಲವು ಸಲ ಮೋಸ. ಬೆಂಗಳೂರಿನಲ್ಲಿ ಟೈಫಾಯ್ಡ್ ಗೊತ್ತಿಲ್ಲದ ಮನೆ ಇಲ್ಲ. ಸಾಮಾನ್ಯ ಸಾಲ್ಮೊನೆಲ್ಲಾದಿಂದ ಆಹಾರ ಕೆಟ್ಟರೆ ಒಂದೆರಡು ದಿನದಲ್ಲೇ ಭೇದಿ ಕಿತ್ತುಕೊಳ್ಳುತ್ತದೆ, ಏಕೆಂದರೆ ಗೋಡೆ ಜೋರಾಗಿ ಕೂಗುತ್ತದೆ. ಟೈಫಾಯ್ಡಿನ ಬ್ಯಾಕ್ಟೀರಿಯಾ ಹತ್ತಿರದ ಸಂಬಂಧಿಯೇ. ಆದರೆ ಅದು ಒಳನುಗ್ಗುವಾಗ ಬಾಲದ ಪ್ರೋಟೀನನ್ನು ಕಡಿಮೆ ಮಾಡಿಕೊಂಡು, ವಿಐ ಎಂಬ ಸಕ್ಕರೆಯ ಹೊದಿಕೆ ಹೊದ್ದುಕೊಳ್ಳುತ್ತದೆ. ಗಂಟೆ ಸರಿಯಾಗಿ ಬಾರಿಸುವುದಿಲ್ಲ. ಅದಕ್ಕೇ ಟೈಫಾಯ್ಡ್ ಶುರುವಾಗುವುದು ಹೆಚ್ಚಾಗಿ ಏರುತ್ತಾ ಹೋಗುವ ಜ್ವರದಿಂದ.

ಇನ್ನು ಕೆಲವು ಬ್ಯಾಕ್ಟೀರಿಯಾಗಳಿಗೆ ಗೋಡೆ ಕೂಗುವುದೇ ಬೇಕು. ನ್ಯೂಟ್ರೋಫಿಲ್‌ಗಳು ಬಂದು ಸಿಡಿಸುವ ರಾಸಾಯನಿಕಗಳಿಂದ ಕರುಳಿನಲ್ಲಿ ಟೆಟ್ರಾಥಯೊನೇಟ್ ಎಂಬ ವಸ್ತು ಹುಟ್ಟುತ್ತದೆ. ಅದನ್ನು ಬಳಸಿ ಉಸಿರಾಡಿ ಸಾಲ್ಮೊನೆಲ್ಲಾ ಉಳಿದವರನ್ನೆಲ್ಲ ಹಿಂದೆ ಹಾಕುತ್ತದೆ ಎಂದು 2010ರಲ್ಲಿ ತಿಳಿಯಿತು.

ಈಗ ಕಷಾಯದ ಮಾತಿಗೆ ಮತ್ತೆ ಬರುತ್ತೇನೆ. "ಇಮ್ಯೂನಿಟಿ ಹೆಚ್ಚಿಸುವುದು" ಎಂಬ ಮಾತಿನಲ್ಲಿ ದೇಹದ ರಕ್ಷಣೆ ಒಂದು ಟ್ಯಾಂಕು, ತುಂಬಿದಷ್ಟೂ ಒಳ್ಳೆಯದು ಎಂಬ ಭಾವನೆ ಇದೆ. ನಿಮ್ಮ ಮಗನ ಕರುಳಿನಲ್ಲಿ ಈಗ ಅದು ಕಡಿಮೆ ಇಲ್ಲ. ಜಾಸ್ತಿ ಇದೆ, ಅದೇ ತೊಂದರೆ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗಳಿಗೆ ಕೊಡುವ ಔಷಧಿಗಳು ಕೂಗನ್ನು ತಗ್ಗಿಸುವ ಔಷಧಿಗಳೇ. ಟಿಎನ್‌ಎಫ್ ಸಿಗ್ನಲನ್ನು ಹಿಡಿದು ನಿಲ್ಲಿಸುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಇಂಜೆಕ್ಷನಿಗೆ ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಗೆಂದು 1998ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಮೇಲೆ ಎಷ್ಟೋ ರೋಗಿಗಳ ಬದುಕು ಬದಲಾಗಿದೆ. ಆ ಪಕ್ಕದ ಮನೆಯವರ ಮೇಲೆ ಬೇಸರ ಬೇಡ, ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಬಾಟಲಿಯಲ್ಲಿ ಏನೇನು ಗಿಡಮೂಲಿಕೆ ಇದೆ, ಅದು ಯಕೃತ್ತಿಗೆ ಏನು ಮಾಡುತ್ತದೆ ಎನ್ನುವುದು ನಿಮಗೂ ತಿಳಿಯದು, ಡಾಕ್ಟರಿಗೂ ತಿಳಿಯದು. ಮುಂದೆ ಔಷಧಿ ಶುರುವಾದಾಗ ಲಿವರ್ ಪರೀಕ್ಷೆ ಏರುಪೇರಾದರೆ ಯಾವುದರಿಂದ ಎಂದು ಹೇಳುವುದು ಕಷ್ಟವಾಗುತ್ತದೆ.

ಒಂದು ಎಚ್ಚರಿಕೆ. 410 ಎನ್ನುವುದು ಉರಿಯೂತ ಇದೆ ಎಂದು ಹೇಳುತ್ತದೆ, ಕಾಯಿಲೆಯ ಹೆಸರು ಹೇಳುವುದಿಲ್ಲ. ಸೋಂಕಿನಿಂದಲೂ ಏರುತ್ತದೆ. ನೋವಿನ ಮಾತ್ರೆಗಳಿಂದಲೂ ಏರುತ್ತದೆ. ಮಗ ತಲೆನೋವಿಗೆ, ಆಟದಲ್ಲಿ ಪೆಟ್ಟಾದದ್ದಕ್ಕೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಖಂಡಿತ ಹೇಳಿ. ಎಷ್ಟೋ ಹುಡುಗರು ಅದನ್ನು ಔಷಧಿ ಎಂದೇ ಲೆಕ್ಕಕ್ಕೆ ಇಡುವುದಿಲ್ಲ, ಕೇಳಿದರೆ "ಏನೂ ತಗೊಳ್ಳಲ್ಲ" ಎನ್ನುತ್ತಾರೆ. ಮೆಡಿಕಲ್ ಸ್ಟೋರಿನಿಂದ ನೀವೇ ಆಂಟಿಬಯಾಟಿಕ್ ತಂದು ಕೊಡುವುದೂ ಬೇಡ.

ಮತ್ತೆ ಟಿಬಿ. ಇದನ್ನು ಬರೆಯುವಾಗ ನನಗೆ ಮನಸ್ಸು ಭಾರವಾಗುತ್ತದೆ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಕಾಯಿಲೆ ನೋಡಲು ಅಣ್ಣತಮ್ಮಂದಿರ ಹಾಗೆ. ಎರಡರಲ್ಲೂ ತೂಕ ಇಳಿಯುತ್ತದೆ, ಎರಡರಲ್ಲೂ ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣು, ಎರಡರಲ್ಲೂ ಗ್ರ್ಯಾನುಲೋಮಾ ಎಂಬ ಕೋಶಗಳ ಗಂಟು. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಟಿಬಿ ಬ್ಯಾಕ್ಟೀರಿಯಾವನ್ನು ಆ ಗಂಟಿನೊಳಗೆ ಕಟ್ಟಿಹಾಕಿ ಇಡಲು ಟಿಎನ್‌ಎಫ್ ಬೇಕು. ಟಿಬಿ ಇರುವವರಿಗೆ ಟಿಎನ್‌ಎಫ್ ನಿಲ್ಲಿಸಿದರೆ ಅಥವಾ ಸ್ಟೀರಾಯ್ಡ್ ಕೊಟ್ಟರೆ ಕಟ್ಟು ಬಿಚ್ಚಿಕೊಳ್ಳುತ್ತದೆ, ಟಿಬಿ ಹರಡುತ್ತದೆ. ನನ್ನ ಅಕ್ಕನ ಮಗನಿಗೆ ಒಂದು ಕಡೆ ಹೀಗೇ ಆಯಿತು. ಟಿಬಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಸ್ಟೀರಾಯ್ಡ್ ಶುರು ಮಾಡಿದರು. ಮೊದಲ ಎರಡು ವಾರ ಹುಡುಗ ಚೇತರಿಸಿಕೊಂಡ. ಮೂರನೇ ವಾರ ಜ್ವರ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ಟಿಬಿ ಔಷಧಿ ತಗೊಂಡು ಈಗ ಚೆನ್ನಾಗಿದ್ದಾನೆ. ಆದರೆ ಆ ಮೂರು ತಿಂಗಳು ಅಕ್ಕ ಪಟ್ಟ ಪಾಡು ನಾನು ಕಣ್ಣಾರೆ ಕಂಡಿದ್ದೇನೆ. ಆಗ ನನಗೆ ಐಎಲ್-8, ಟಿಎನ್‌ಎಫ್ ಎಲ್ಲ ಚೆನ್ನಾಗಿ ಗೊತ್ತಿತ್ತು. ಆದರೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಸಮಯಕ್ಕೆ ಕೇಳಲಿಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಾರಿನಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ಅದೇ. ಕೂಗನ್ನು ತಗ್ಗಿಸುವ ಗುಣವೂ ಅದಕ್ಕಿದೆ. ಆದ್ದರಿಂದ ರಾಗಿ, ಹೆಸರುಕಾಳು, ಸೊಪ್ಪು ಕರುಳಿಗೆ ಒಳ್ಳೆಯ ಸ್ನೇಹಿತರು. ಆದರೆ ಈ ವಾರ ಬೇಡ. ಕೊಲೊನೋಸ್ಕೋಪಿಗೆ ಮುಂಚಿನ ಕೆಲವು ದಿನ ನಾರು ಕಡಿಮೆ ಇರುವ ಊಟವನ್ನೇ ಹೇಳುತ್ತಾರೆ, ಬೆಳ್ಳಗಿನ ಅನ್ನ, ತಿಳಿಸಾರು ಈ ಥರ. ಕರುಳು ಸ್ವಚ್ಛ ಇಲ್ಲದಿದ್ದರೆ ಹುಣ್ಣು ಕಾಣದೆ ಹೋಗಬಹುದು. ಆಸ್ಪತ್ರೆಯವರು ಕೊಟ್ಟ ಪಟ್ಟಿಯನ್ನೇ ನಡೆಸಿ. ಕರುಳು ತೊಳೆಯುವ ದ್ರಾವಣವನ್ನು ಪೂರ್ತಿ ಕುಡಿಸಿ. ಅದು ರುಚಿಯಾಗಿರುವುದಿಲ್ಲ, ಮಗ ಗೊಣಗುತ್ತಾನೆ, ಪಕ್ಕದಲ್ಲಿ ಕೂತು ಕುಡಿಸಿ.

ಕೊಲೊನೋಸ್ಕೋಪಿಯಲ್ಲಿ ಒಳಪದರದಿಂದ ಚೂರು ಚೂರು ತುಣುಕು ತೆಗೆಯುತ್ತಾರೆ. ನೋವಾಗುವುದಿಲ್ಲ. ಆ ವರದಿಯಲ್ಲಿ "ಕ್ರಿಪ್ಟೈಟಿಸ್", "ಕ್ರಿಪ್ಟ್ ಆಬ್ಸೆಸ್" ಎಂಬ ಪದಗಳು ಕಂಡರೆ ಗಾಬರಿ ಬೇಡ. ಒಳಪದರದಲ್ಲಿ ಪುಟ್ಟ ಗುಳಿಗಳಿರುತ್ತವೆ, ಹೊಸ ಕೋಶಗಳು ಹುಟ್ಟುವುದು ಅಲ್ಲೇ. ಗುಳಿಯ ಗೋಡೆಗೆ ನ್ಯೂಟ್ರೋಫಿಲ್ ನುಗ್ಗಿದ್ದರೆ ಮೊದಲನೆಯ ಪದ, ದಾಟಿ ಗುಳಿಯೊಳಗೆ ತುಂಬಿಕೊಂಡಿದ್ದರೆ ಎರಡನೆಯದು. ಮೇಲೆ ಹೇಳಿದೆನಲ್ಲ, ಅಂಗಳದಿಂದ ಬೀದಿಗೆ ದಾಟುವುದು, ಅದನ್ನೇ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದ ಮಾತು ಅದು.

ಆ ದಿನ ಡಾಕ್ಟರನ್ನು ಒಂದೇ ಒಂದು ಪ್ರಶ್ನೆ ಕೇಳಿ. "ಹುಣ್ಣು ಕಂಡರೆ ತುಣುಕನ್ನು ಟಿಬಿ ಕಲ್ಚರಿಗೂ, ಟಿಬಿ ಜೀನ್ ಪರೀಕ್ಷೆಗೂ ಕಳಿಸುತ್ತೀರಾ?" ಫಾರ್ಮಲಿನ್ ಬಾಟಲಿಗೆ ಹಾಕಿದ ತುಣುಕಿನಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಆಮೇಲೆ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಆಗುವುದಿಲ್ಲ. ಅದಕ್ಕೆ ಬೇರೆ ಬಾಟಲಿ, ಸಲೈನಿನಲ್ಲಿ. ಆದ್ದರಿಂದ ಈ ಪ್ರಶ್ನೆಯನ್ನು ಮಗನನ್ನು ಒಳಗೆ ಕರೆದುಕೊಂಡು ಹೋಗುವುದಕ್ಕೆ ಮುಂಚೆಯೇ ಕೇಳಿ.